ಬಂದೈತಂತ

“ಚಿಪ್ಪು ಬರತೈತಿ, ಚಿಪ್ಪು ಬರತೈತಿ ಅಂತ ಕುಂಡ್ರಿಸಿ, ಕಡೀಕ ನನ್ನ ಕೈಯಾಗ ತೆಂಗಿನ ಪರಟಿ ಚಿಪ್ಪು ಕೊಟ್ಟಿಯಲ್ಲೋ ಫಕೀರ್ಯಾ!”

“ಒದರಬ್ಯಾಡಲೇ ತಿರಕ್ಯಾ! ಇದು ಅಂಗಡಿ ಐತಿ, ನಿಮ್ಮ ಮಗ್ಗದ ಕುಣಿ ಅಲ್ಲ,” ಎಂದು ಫಕೀರಸಾಬ ಕಾದ ಬೆಸುಗೆ ಕಡ್ಡಿಯನ್ನು ಮೇಜಿಗೆ ಕುಕ್ಕಿದ.

“ಒದರತೀನಿ. ಬೆಟಗೇರಿ ಮಂದಿಯೆಲ್ಲಾ ಕೇಳಲಿ.”

ತಿರಕಪ್ಪ ಮುಂಡರಗಿಯ ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ ನೆಟ್ಟಗೆ ಫಕೀರಸಾಬನ ಈ ರೇಡಿಯೊ ರಿಪೇರಿ ಅಂಗಡಿಗೆ ಬಂದಿದ್ದ. ಅವನದು ಸೀರೆಯ ದಡಿಗೆ ಚೌಕುಳಿ ಕಾಗದದ ಮೇಲೆ ನಮೂನೆ ಬಿಡಿಸುವ ಕಸುಬು. ಇಬ್ಬರೂ ಕೂಡಿ ಮುಂಬೈಯ ಹಳೇ ಸಾಮಾನಿನ ಪೇಟೆಯಿಂದ ಒಂದು ಮನೆ ಕಂಪ್ಯೂಟರ್ ತಂದು ಟೀವಿಗೆ ಜೋಡಿಸಿದ್ದರು. ಒಂದು ಬಣ್ಣ ಬದಲಿಸಿದರೆ ಇಡೀ ದಡಿಯನ್ನು ಅದು ತಾನೇ ಹೊಸದಾಗಿ ಬರೆಯುತ್ತಿತ್ತು. ಆದರೆ ಒಂದು ದಡಿ ಮುಗಿಯುವುದರೊಳಗೆ ಚಹಾ ಕುಡಿದು, ಎಲೆಯಡಿಕೆ ಹಾಕಿ, ಊರ ಸುದ್ದಿಯೆಲ್ಲ ಮುಗಿಸಬಹುದಿತ್ತು. ಓಟ ಹೆಚ್ಚಿಸುವ ಕಾರ್ಡೊಂದನ್ನು ತಂದು ಸಿಕ್ಕಿಸಿದರು. ಕೋಣ ಹೋಗಿ ಎತ್ತು ಬಂತು, ಅಷ್ಟೇ.

ಆಗ ಬಂದದ್ದು ಆ ಖಬರು. ಕಾರ್ಡಿನ ಮೇಲಿರುವ ಉಗುರಗಲದ ಕರಿ ಚಿಪ್ಪು ಕಿತ್ತು, ಮುಂಬೈಗೆ ಬಂದಿರುವ ಹೊಸ ಚಿಪ್ಪು ಕೂಡಿಸಿದರೆ ನಾಲ್ಕು ಪಟ್ಟು ಓಟ! ಲಕ್ಷ್ಮೇಶ್ವರದ ಟೀವಿ ಮೆಕ್ಯಾನಿಕ್ ಮಹಬೂಬಸಾಬ ಆಣೆ ಮಾಡಿ ಹೇಳಿದ್ದ. ಮುಂಬೈ ಅಂಗಡಿಯವರನ್ನು ಕೇಳಿದರೆ, “ನಾವೂ ಕೇಳಿದ್ದೇವೆ, ಮಾಲು ಬಂದಿಲ್ಲ,” ಎಂದರು. ಗುಳೇದಗುಡ್ಡದ ನೇಕಾರ ಮಾಲಕರು ತಿರಕಪ್ಪನನ್ನು ನಮೂನೆ ಕೆಲಸಕ್ಕೆ ಕರೆದಾಗ, ಫಕೀರಸಾಬ ಅವನ ಕೈ ಹಿಡಿದು ನಿಲ್ಲಿಸಿದ್ದ: “ಚಿಪ್ಪು ಬರಲಿ. ಇಲ್ಲಿನ ಮಗ್ಗಕ್ಕೆಲ್ಲಾ ನಾವ ದಡಿ ಕೊಡೂಣು.”

“ಲಕ್ಷ್ಮೇಶ್ವರಕ್ಕ ಹೋಗಿದ್ದೆ.” ತಿರಕಪ್ಪನ ದನಿ ಇಳಿದಿತ್ತು. ಕೂಗಾಟಕ್ಕೆ ಅಂಜದ ಫಕೀರಸಾಬ ಈಗ ಅಂಜಿದ. “ಮಹಬೂಬಸಾಬನ್ನ ಹಿಡಿದು ಕೇಳಿದೆ. ಅಂವಗ ಶಿರಹಟ್ಟಿ ಚನ್ನಬಸವಣ್ಣ ಹೇಳಿದ್ನಂತ. ಶಿರಹಟ್ಟಿಗೆ ಹೋದೆ. ಅಂವಗ ಮುಂಡರಗಿ ಬುಡ್ಡೇಸಾಬ ಹೇಳಿದ್ನಂತ. ಮುಂಡರಗಿಗೂ ಹೋದೆ. ಬುಡ್ಡೇಸಾಬಗ ಯಾರು ಹೇಳಿದ್ರು, ಗೊತ್ತೇನು?”

“ಯಾರು?”

“ನೀನು.”

ಫಕೀರಸಾಬನಿಗೆ ನೆನಪಾಯಿತು. ಬುಡ್ಡೇಸಾಬನ ಮಗಳ ಮದುವೆ. ಊಟಕ್ಕೆ ಕುಳಿತಾಗ ಯಾರೋ, “ನಿಮ್ಮ ಮಷೀನು ದಡಿ ಬಿಡಿಸೂದ್ರಾಗ ಈ ಮದುಮಗಳು ಮೊಮ್ಮಕ್ಕಳನ್ನ ಆಡಿಸ್ತಾಳ ಬಿಡು,” ಎಂದಿದ್ದ. ಊಟದ ಸಾಲೆಲ್ಲ ಹೋ ಎಂದು ನಕ್ಕಿತ್ತು. ಕಿವಿ ಕಾದ ಫಕೀರಸಾಬ, “ಮುಂಬೈಯಾಗ ಎರಡು ಪಟ್ಟು ಜೋರಿನ ಚಿಪ್ಪು ಬಂದೈತಂತ,” ಎಂದುಬಿಟ್ಟಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಬಂದಿರಲೇಬೇಕು ಎನ್ನಿಸಿತ್ತು. ಶಿರಹಟ್ಟಿ ದಾಟುವಾಗ ಆ ‘ಅಂತ’ ಉದುರಿಹೋಗಿರಬೇಕು. ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಎರಡು ಪಟ್ಟು ನಾಲ್ಕಾಗಿತ್ತು. ಬೆಳೆದು ಬಂದ ಸ್ವಂತ ಕೂಸಿನ ಗುರುತು ಅವನಿಗೇ ಸಿಕ್ಕಿರಲಿಲ್ಲ.

“ನಿನಗ ಯಾರು ಹೇಳಿದ್ರು, ಅದನ್ನ ಹೇಳು. ಅವರ ಮನಿಗೂ ಹೋಗಿ ಬರತೀನಿ.”

ನಾನೇ ಅಂದೆ ಎನ್ನಲು ನಾಲಗೆ ಏಳಲಿಲ್ಲ. ಎದ್ದದ್ದು ಸಿಟ್ಟು. “ಯಾರೋ ಅಂದ್ರು! ನಾ ಏನು ಸುಳ್ಳ ಹೇಳೀನೇನು? ಇವತ್ತಲ್ಲ ನಾಳೆ ಬಂದ ಬರತೈತಿ!”

“ಬರಲಿ,” ಎಂದ ತಿರಕಪ್ಪ. “ಗುಳೇದಗುಡ್ಡದವರು ಮತ್ತ ಕರದಾರ. ಕರದಾರಂತ ಅಲ್ಲ, ಕರದಾರ.”

ಗೋಡೆಯ ಮಾಡದಿಂದ ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದುಕೊಂಡ. ಟೀವಿಯ ಪರದೆಯ ಮೇಲೆ ಅವನದೇ ಗೋಮಿ ನಮೂನೆಯ ದಡಿ ಅರ್ಧಕ್ಕೆ ಬಂದಿತ್ತು. ಒಂದು ಗಳಿಗೆ ನೋಡಿದ.

“ಇದು ಮುಗಿಯೂತನಕ ಕುಂಡ್ರಲೇ. ಚಾ ತರಿಸ್ತೀನಿ,” ಎಂದ ಫಕೀರಸಾಬ. ಸಿಟ್ಟು ಯಾವಾಗಲೋ ಇಳಿದಿತ್ತು.

ತಿರಕಪ್ಪ ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಗೆರೆಯ ಮೇಲೆ ಗೆರೆ ಬಿದ್ದು ದಡಿ ತುಂಬಿತು. “ಆತು, ನೋಡಲೇ ತಿರಕ್ಯಾ,” ಎಂದ ಫಕೀರಸಾಬ, ರೂಢಿಯಂತೆ, ತಿರುಗದೆಯೇ. ಬಾಗಿಲಲ್ಲಿ ಯಾರೂ ಇರಲಿಲ್ಲ. ತಿರಕಪ್ಪ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.