ಕೃತಿಕಾ ಕೊಟ್ಟ ನಕ್ಷತ್ರ

ಇರಿ ಇರಿ, ಇದೊಂದನ್ನ ಪೂರ್ತಿ ಕೇಳಿಸ್ಕೊಂಡೇ ಹೋಗಿ. ಕಡೂರು ಬಸ್ ಸ್ಟ್ಯಾಂಡ್ ಕ್ಯಾಂಟೀನಿನ ಮೂಲೆ ಟೇಬಲ್ಲಲ್ಲಿ ಮೆಹನಾಜ್ ಲ್ಯಾಪ್‌ಟಾಪ್ ತೆಗ್ದು ಕೂತಿದ್ಲು. ಎದುರಿಗೆ ಕೃತಿಕಾ ಮೆಣಸಿನಕಾಯಿ ಬಜ್ಜಿ ಊದಿ ಊದಿ ತಿಂತಿದ್ಲು.

"ಕಳಿಸೇ ತಾಯಿ! ರುದ್ರಮೂರ್ತಿ ಸರ್ ಸಂಜೆಯೊಳಗೆ ಮೇಲ್ ಬೇಕು ಅಂದಿದ್ದಾರೆ."

"ಇರೇ, ಒಂದ್ಸಲ ನೋಡ್ಬಿಡ್ತೀನಿ."

"ನೋಡಿ ನೋಡಿ ನಿನ್ ಕಣ್ಣೇ ಕ್ವೇಸಾರ್ ಆಗೋಗಿದೆ!"

ಇಬ್ಬರೂ ಎಂಎಸ್ಸಿ ಫಿಸಿಕ್ಸು. ಮೆಹನಾಜ್ ತರೀಕೆರೆಯಿಂದ ಬರೋಳು, ಕೃತಿಕಾ ಅಜ್ಜಂಪುರದಿಂದ. ಪ್ರಾಜೆಕ್ಟಿಗೆ ಅಂತ ಸರ್ ಆಕಾಶದ ಒಂದು ತುಂಡಿನ ವರ್ಷಗಟ್ಟಲೆ ಫೋಟೊ ಕೊಟ್ಟು, ಕ್ವೇಸಾರ್ ಹುಡುಕಿ ಅಂತ ಅರ್ಧರ್ಧ ಹಂಚಿದ್ರು. ಕ್ವೇಸಾರ್ ಅಂದ್ರೆ ಎಲ್ಲೋ ದೂರದ ಗ್ಯಾಲಕ್ಸಿ ನಡುವೆ, ಕಪ್ಪುಕುಳಿ ಸುತ್ತ ಉರಿಯೋ ಬೆಳಕು. ಫೋಟೊದಲ್ಲಿ ಮಾತ್ರ ಥೇಟ್ ನಕ್ಷತ್ರದ ಚುಕ್ಕೆ. ಮತ್ತೆ ಹಿಡಿಯೋದು ಹೆಂಗೆ? ಅದರ ಬೆಳಕು ಒಂದೇ ಸಮ ಇರಲ್ಲ. ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ, ತಾಳ ಇಲ್ಲ ಲಯ ಇಲ್ಲ. ಆದ್ರೆ ಜಾಸ್ತಿ ಕಮ್ಮಿ ಗೊತ್ತಾಗಕ್ಕೆ ಬದಲಾಗದ ನಕ್ಷತ್ರ ಒಂದು ಬೇಕಲ್ಲ, ಅಳತೆಗೆ? ಅದನ್ನ ಕೃತಿಕಾನೇ ತನ್ನ ಅರ್ಧದಿಂದ ಕೊಟ್ಟಿದ್ಲು. "ಇದು ಕಲ್ಲು ಕಣೇ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಇಟ್ಕೋ." ಗೆಳತಿ ಕೊಟ್ಟಿದ್ದನ್ನ ಯಾರಾದ್ರೂ ಮತ್ತೆ ತೂಗಿ ನೋಡ್ತಾರಾ? ಮೆಹನಾಜ್ ನೋಡಿರಲಿಲ್ಲ.

ಯಾರ ಅರ್ಧದಲ್ಲಿ ಕ್ವೇಸಾರ್ ಸಿಗುತ್ತೋ ಅವರು ಬೆಟ್ಟದ ಮೇಲಿನ ವೇಧಶಾಲೆಗೆ ಹೋಗಿ, ದೊಡ್ಡ ಟೆಲಿಸ್ಕೋಪಲ್ಲಿ ಅದನ್ನ ಖಾತ್ರಿ ಮಾಡ್ಕೋಬೇಕು. ಸೀಟು ಒಂದೇ. ಸಿಕ್ಕಿದ್ದು ಮೆಹನಾಜ್ ಅರ್ಧದಲ್ಲಿ. ವಾರ ಪೂರ್ತಿ ಹೊರಗಿರ್ತೀನಿ ಅಂತ ಅಮ್ಮಿ ಶಮ್ಶುನ್ನೀಸಾನ ಒಪ್ಪಿಸೋಕೆ ಮೆಹನಾಜ್ ಪಟ್ಟ ಪಾಡು ಅವಳಿಗೇ ಗೊತ್ತು. ಅತ್ತಿದ್ದೂ ಆಯ್ತು, ಊಟ ಬಿಟ್ಟಿದ್ದೂ ಆಯ್ತು. ಕೊನೆಗೆ ಅಮ್ಮಿನೇ ಸ್ವೆಟರ್ ತಂದಿಟ್ಟಿದ್ಲು.

ಕೃತಿಕಾ ಟೀ ತರೋಕೆ ಎದ್ಲು. ಸುಮ್ನೆ, ಇರಲಿ ಅಂತ, ಮೆಹನಾಜ್ ಅಳತೆಗೆ ಬೇರೆ ನಕ್ಷತ್ರ ಹಾಕಿದ್ಲು. ಸ್ಕ್ರೀನಲ್ಲಿ ಅವಳ ಕ್ವೇಸಾರಿನ ಬೆಳಕಿನ ಗೆರೆ ಸಪಾಟಾಗಿ ಮಲಗಿಬಿಡ್ತು. ಇದೇನಪ್ಪಾ! ಇನ್ನೊಂದು ಹಾಕಿದ್ಲು. ಅದೇ ಸಪಾಟು. ಹಂಗಾದ್ರೆ ಇಷ್ಟು ದಿನ ಕುಣೀತಿದ್ದದ್ದು ಯಾವುದು? ಕೃತಿಕಾ ಕೊಟ್ಟ ಕಲ್ಲನ್ನೇ ಅಳೆದು ನೋಡಿದ್ಲು. ಏರಿತು, ಇಳೀತು, ಮತ್ತೆ ಏರಿತು, ವರ್ಷಗಟ್ಟಲೆ ಅಡ್ಡಾದಿಡ್ಡಿ. ಕ್ವೇಸಾರ್ ಇದೇ, ಅದೂ ಕೃತಿಕಾ ಅರ್ಧದಲ್ಲಿ!

"ಯಾಕೇ, ಮುಖ ಹಿಂಗಾಗಿದೆ? ಬಜ್ಜಿ ಖಾರನಾ?" ಕೃತಿಕಾ ಲೋಟ ಇಟ್ಲು.

"ಕೃತಿ, ಆ ಅಳತೆ ನಕ್ಷತ್ರ... ನೀನು ಚೆಕ್ ಮಾಡಿದ್ದೆ ತಾನೇ?"

"ಚೆಕ್ಕಾ? ದುಂಡುಗೆ ಚೆನ್ನಾಗಿತ್ತು, ಕೊಟ್ಟೆ. ಈಗ್ಯಾಕೆ ಅದು?"

"ಏನಿಲ್ಲ."

ಬಾಯಿಂದ ಅದೇ ಬಂದ್ಬಿಡ್ತು. ಅರ್ಧ ಅವಳದು, ಕಂಡಿದ್ದು ನಂಗೆ. ಹಂಗಾದ್ರೆ ಅದು ಯಾರದು? ಹೇಳಿದ್ರೆ "ನೀನೇ ಹೋಗೇ" ಅಂದ್ಬಿಡ್ತಾಳೆ. ಅನ್ನದೇ ಹೋದ್ರೆ? ಅಂದ್ಬಿಟ್ರೂ, ಹೋಗೋದಾ? ಯಾವುದಕ್ಕೆ ಹೆದರ್ತಿದ್ದೀನಿ ಅನ್ನೋದೇ ಮೆಹನಾಜ್‌ಗೆ ತಿಳೀಲಿಲ್ಲ.

ಅಜ್ಜಂಪುರದ ಬಸ್ಸು ಹಾರನ್ ಹೊಡೀತು. "ಬತ್ತೀನಿ ಕಣೇ! ಅಲ್ಲಿ ಹೋಗಿ ನಮ್ಮನ್ನ ಮರೀಬೇಡ" ಅಂತ ಕೃತಿಕಾ ಬಾಯಲ್ಲಿ ಬಜ್ಜಿ ಇಟ್ಕೊಂಡೇ ಓಡಿ ಹತ್ತಿದ್ಲು. ಮೆಹನಾಜ್ ಬಾಗಿಲ ತನಕ ಹೋದ್ಲು. ಬಸ್ಸು ಇನ್ನೂ ರಿವರ್ಸಲ್ಲಿತ್ತು, ಕಂಡಕ್ಟರ್ ಹಿಂದೆ ನಿಂತು ಬಸ್ಸಿನ ಮೈ ತಟ್ತಿದ್ದ. ಅವಳು ಕೈ ಎತ್ತಿದ್ಲು. ಟಾಟಾ ಮಾಡ್ತಿದ್ದಾಳೆ ಅಂದ್ಕೊಂಡು ಕಿಟಕಿಯಿಂದ ಕೃತಿಕಾನೂ ಕೈ ಬೀಸಿದ್ಲು, ಬಾಯ್ತುಂಬ ನಗ್ತಾ.

ನೀವಾಗಿದ್ರೆ, ಹೇಳಿ, ಕೂಗ್ತಿದ್ರಾ?