‘ದ್ದಾ’ ಅಕ್ಷರದ ಕೆಳಗಿನ ಕೆಂಪು ಚುಕ್ಕೆ

ಮುಚ್ಚಿದ ಬಾಗಿಲನ್ನು ಮೂರು ಬಾರಿ ಬಡಿದದ್ದಾಯಿತು. ಒಳಗೆ ದೀಪ ಹತ್ತಿತು. ಬಾಗಿಲು ಮಾತ್ರ ತೆರೆಯಲಿಲ್ಲ.

"ಯಾರದು?"

"ನಾನಮ್ಮ, ಗಂಟೆಯಣ್ಣ."

ಶಾಲೆಯ ಆ ಜವಾನನಿಗೆ ಹೆತ್ತವರು ಇಟ್ಟ ಹೆಸರನ್ನು ಎಲ್ಲರೂ ಎಂದೋ ಮರೆತಿದ್ದರು. ಮೂವತ್ತು ವರ್ಷ ಗಂಟೆ ಬಾರಿಸಿ ಬಾರಿಸಿ ಅವನು ಗಂಟೆಯಣ್ಣನೇ ಆಗಿಹೋಗಿದ್ದ. ಬಾಗಿಲು ತೆರೆದಾಗ, ಬಟ್ಟೆ ಸುತ್ತಿದ ಹಲಗೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಹಿಂದೆ ಮುಂದೆ ನೋಡಿ ಒಳಗೆ ಬಂದ. ಮೇಷ್ಟ್ರ ಹೆಂಡತಿ ಕುರ್ಚಿ ತೋರಿಸಿದರು. ಅದು ಮೇಷ್ಟ್ರ ಕುರ್ಚಿ. ಅವನು ನಿಂತೇ ಇದ್ದ.

ಮೇಷ್ಟ್ರು ತೀರಿಕೊಂಡು ಇಪ್ಪತ್ತು ದಿನಗಳಾಗಿದ್ದವು. ಮಗ, ಮೊಮ್ಮಗಳು ಮೊನ್ನೆ ಹೊರಟುಹೋಗಿದ್ದರು. ಮೇಜಿನ ಮೇಲೆ ಮುಚ್ಚಿಟ್ಟ ಒಂದೇ ಒಂದು ತಟ್ಟೆಯನ್ನು ಕಂಡು ಗಂಟೆಯಣ್ಣ ಮುಖ ತಿರುಗಿಸಿದ.

"ಊಟ ಆಗಿಲ್ವಾಮ್ಮ?"

"ಒಬ್ಬಳಿಗೆ ಹಸಿವಾಗೋದು ತಡ. ಅದೇನು ಕಂಕುಳಲ್ಲಿ?"

ಬಟ್ಟೆ ಬಿಚ್ಚಿದ. ಮೇಷ್ಟ್ರ ಭಾವಚಿತ್ರ, ಅದರ ಕೆಳಗೆ ಹೆಡ್‌ಮಾಸ್ಟರ್ ಸ್ವತಃ ಬಣ್ಣದಲ್ಲಿ ಬರೆದ ದಪ್ಪ ಅಕ್ಷರಗಳು: ಶ್ರದ್ದಾಂಜಲಿ. ಎರಡನೆಯ ಅಕ್ಷರದ ಕೆಳಗೆ ಸಾಸಿವೆಯಷ್ಟು ಗಾತ್ರದ ಕೆಂಪು ಚುಕ್ಕೆ.

ಆ ಚುಕ್ಕೆ ಯಾರಿಗೆ ಗೊತ್ತಿಲ್ಲ? ಮೇಷ್ಟ್ರು ಮೂವತ್ತಾರು ವರ್ಷಗಳಲ್ಲಿ ಒಂದು ಮಗುವಿನ ಪುಸ್ತಕಕ್ಕೂ ಅಡ್ಡಗೆರೆ ಎಳೆದವರಲ್ಲ. ತಪ್ಪಿದ ಅಕ್ಷರದ ಕೆಳಗೆ ಒಂದು ಚುಕ್ಕೆ, ಅಷ್ಟೇ. ತಪ್ಪೇನೆಂದು ಮಗುವೇ ಹುಡುಕಬೇಕು. ಹುಡುಕುವವರೆಗೆ ಅವರೂ ಪಕ್ಕದಲ್ಲಿ ಕೂತಿರುತ್ತಿದ್ದರು. ಶಾಲೆ ಬಿಟ್ಟ ಮೇಲೂ ಆ ಒಂದು ಕೋಣೆಗೆ ಬೀಗ ಹಾಕಲು ಗಂಟೆಯಣ್ಣ ಎಷ್ಟು ಸಂಜೆ ಕಾದಿದ್ದನೋ! "ಇನ್ನೊಂದು ಅಕ್ಷರ ಕಣಯ್ಯ" ಎನ್ನುತ್ತಿದ್ದರು.

"ಹೆಡ್‌ಮಾಸ್ಟರ್ ಕೆಂಡವಾಗಿದ್ದಾರೆ" ಎಂದ. "ಸತ್ತವರ ಫಲಕ ಕೆಡಿಸಿದ್ದು ಯಾರು, ಬೀಗದ ಕೈ ನಿನ್ನ ಹತ್ರ ತಾನೇ ಇರೋದು ಅಂತಾರೆ. ನಾಳೆ ಬೆಳಗಿನ ಗಂಟೆಯೊಳಗೆ ಹೆಸರು ಹೇಳಬೇಕಂತೆ. ಇಲ್ಲಾಂದ್ರೆ ಆ ಗಂಟೆ ಬೇರೆಯವರು ಹೊಡೀತಾರಂತೆ."

"ತಪ್ಪೇನಿತ್ತಂತೆ?"

"ಗಣಿತದ ಮೇಡಂ ಮೆಲ್ಲಗೆ ಹೇಳಿದ್ರು. ಅದು ಮಹಾಪ್ರಾಣ ಆಗಬೇಕಿತ್ತಂತೆ. ಮೇಷ್ಟ್ರ ಪ್ರಾಣ ದೇವರು ತೆಗೆದ, ಮಹಾಪ್ರಾಣ ಹೆಡ್‌ಮಾಸ್ಟರ್ ತೆಗೆದ್ರು ಅಂತ ಸ್ಟಾಫ್ ರೂಮಲ್ಲಿ ಒಂದೇ ನಗು. ನಗೋರಿಗೇನಮ್ಮ, ಕುತ್ತಿಗೆ ನಂದು."

ಅವರೂ ನಕ್ಕುಬಿಟ್ಟರು. ನಕ್ಕದ್ದು ಆ ಖಾಲಿ ಮನೆಯಲ್ಲಿ ದೊಡ್ಡದಾಗಿ ಕೇಳಿಸಿತೇನೋ, ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗಂಟೆಯಣ್ಣ ಬಂದ ಕೆಲಸಕ್ಕೆ ಬಂದ. "ನಿನ್ನೆ ಸಂಜೆ ಲೈಬ್ರರಿ ಪುಸ್ತಕ ವಾಪಸ್ ಕೊಡೋಕೆ ನೀವು ಬಂದಿದ್ರಲ್ಲ. ನಾನು ನೀರು ತರೋಕೆ ಹೋದಾಗ ನೀವು ಫಲಕದ ಮುಂದೇ ನಿಂತಿದ್ರಿ. ಆಗ ಯಾರಾದ್ರೂ ಆ ಕಡೆ ಸುಳಿದ್ರಾ? ನೆನಪು ಮಾಡ್ಕೊಳ್ಳಿ ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೇಷ್ಟ್ರ ಹೆಂಡತಿಗೆ ಅಕ್ಷರ ಬಾರದೆಂಬುದು ಜಗಜ್ಜಾಹೀರು. ದೀಪದ ಬುಡದಲ್ಲೇ ಕತ್ತಲೆ ಎಂದು ಆಡಿಕೊಂಡವರೂ ಉಂಟು. ಕಳೆದ ವಾರ ಪಿಂಚಣಿಯ ಕಾಗದಕ್ಕೆ, ಮಗ ಪಕ್ಕದಲ್ಲಿ ನಿಂತಿರುವಾಗ, ಅವರು ಹೆಬ್ಬೆಟ್ಟು ಒತ್ತಿದ್ದನ್ನು ಅವನೇ ಕಂಡಿದ್ದ. ಮೊಮ್ಮಗಳ ಕಾಗದ ಬಂದರೆ ಮೇಷ್ಟ್ರು ಹೆಂಡತಿಗಾಗಿ ಗಟ್ಟಿಯಾಗಿ ಓದುತ್ತಿದ್ದದ್ದು ಬೀದಿಗೆಲ್ಲ ಕೇಳುತ್ತಿತ್ತು. ಎರಡು ವರ್ಷಗಳಿಂದ ಆ ದನಿ ನಿಂತಿತ್ತು. ವಯಸ್ಸಾಯಿತು, ಗಂಟಲು ಬಿದ್ದಿರಬೇಕೆಂದು ಅವನು ಭಾವಿಸಿದ್ದ. ನಿವೃತ್ತಿಯ ನಂತರ ಗಂಡ ಹೆಂಡತಿ ರಾತ್ರಿಯೂಟ ಮುಗಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಪಿಸುಗುಡುವುದನ್ನು ಕೇಳಿ, "ಮುದಿ ವಯಸ್ಸಿನಲ್ಲಿ ಸರಸ ನೋಡಿ" ಎಂದು ನೆರೆಯವರು ನಗುತ್ತಿದ್ದರು.

"ಹೆಸರು ಸಿಗದಿದ್ರೆ ನಿನ್ನನ್ನ ತೆಗೀತಾರಾ?"

"ತೆಗೀತಾರಮ್ಮ. ಗಂಟೆ ಬಿಟ್ರೆ ನಂಗೆ ಇನ್ನೇನು ಗೊತ್ತು? ಮನೇಲಿ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ."

ಅವರು ಭಾವಚಿತ್ರದ ಗಾಜನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು.

"ಮೇಷ್ಟ್ರು ತಮ್ಮದನ್ನೆಲ್ಲ ಕಂಡವರ ಮಕ್ಕಳಿಗೆ ಹಂಚಿಬಿಟ್ರು" ಎಂದರು. "ನನಗೆ ಅಂತ ಒಂದೇ ಒಂದು ಗುಟ್ಟು ಬಿಟ್ಟುಹೋದ್ರು. ಮಗನಿಗೂ ಗೊತ್ತಿಲ್ಲ. ಇಷ್ಟು ದಿನ ಈ ಮನೇಲಿ ನನ್ನ ಜೊತೆಗಿದ್ದದ್ದು ಅದೇ. ನಾಳೆಯಿಂದ ಅದೂ ಇರಲ್ಲ."

"ಏನಮ್ಮ ಅದು?"

ಅವರು ಎದ್ದು, ಯಾರೂ ಕೂರದ ಆ ಕುರ್ಚಿಯನ್ನು ಎಳೆದು ಕೂತರು. ಹಳೆಯ ಪುಸ್ತಕವೊಂದರಿಂದ ಹಾಳೆ ಹರಿದು, ಮೇಷ್ಟ್ರ ಪೆನ್ನು ತೆರೆದು ಬಗ್ಗಿದರು. ಒದ್ದೆ ನೆಲದ ಮೇಲೆ ಹೆಜ್ಜೆಯಿಡುವವರಂತೆ ಕೈ ನಿಧಾನವಾಗಿ ಸರಿಯಿತು. ಗಂಟೆಯಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಬೆಳಗ್ಗೆ ಹೆಡ್‌ಮಾಸ್ಟರ್ ಕೈಗೆ ಕೊಡು. ನಿನ್ನ ಗಂಟೆ ನೀನೇ ಹೊಡಿ."

ಅವನು ಹಾಳೆಯನ್ನು ದೀಪಕ್ಕೆ ಹಿಡಿದು, ನಾಲ್ಕನೇ ತರಗತಿಯಲ್ಲಿ ಕಲಿತಷ್ಟರಲ್ಲೇ ಒಂದೊಂದೇ ಅಕ್ಷರ ಕೂಡಿಸಿ ಓದಿದ:

"ಚುಕ್ಕೆ ಇಟ್ಟವಳು ಮೇಷ್ಟ್ರ ಹೆಂಡತಿ."