ಮರೆಮಾಡಿದ ಹೆಸರು

ಸುಟ್ಟುಹೋದ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಮೈಯೂ ಅದಕ್ಕೆ ತಕ್ಕಂತೆ ಸಣಕಲು. ಹಾಗಾಗಿ ಮನೆಯವರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಬಾಯಲ್ಲೂ ಅವನು ‘ತಂತಿ’. ಚಿಕ್ಕಂದಿನಲ್ಲಿ ಬಂದ ಜ್ವರ ಎರಡೂ ಕಿವಿಗಳನ್ನು ಕಸಿದುಕೊಂಡಿತ್ತು. ಮಾತು ಉಳಿದಿತ್ತು, ಎದುರಿನವರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ. ಫೋನಿನ ಪುಟ್ಟ ಅಕ್ಷರಗಳು ಎಣ್ಣೆಗೈಗೆ ಒಗ್ಗದೆ, ವರ್ಕ್‌ಶಾಪಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು ಮನೆಮಂದಿಯ ಗ್ರೂಪನ್ನು ಅದರಲ್ಲೇ ನೋಡುತ್ತಿದ್ದ.

ಆ ಚಾಟ್ ತಂತ್ರಾಂಶ ಬಂದ ರೂಪದಲ್ಲಿ ಅವನಿಗೆ ಹಿಡಿಸಲಿಲ್ಲ. ಯಾರಾದರೂ ಕರೆದರೆ ಅದು ‘ಟಿಣ್’ ಅನ್ನುತ್ತಿತ್ತಂತೆ. ಅವನ ಪಾಲಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಿಡುವಾದಾಗಲೆಲ್ಲ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಅದನ್ನು ತನ್ನ ಅಳತೆಗೆ ತಂದುಕೊಂಡ. ಹಿನ್ನೆಲೆ ಕಪ್ಪು, ಅಕ್ಷರ ದಪ್ಪ. ಅಮ್ಮನ ಮಾತಿಗೆ ಹಳದಿ, ಅಕ್ಕನ ಮಾತಿಗೆ ನೀಲಿ. ಚಿಕ್ಕಮ್ಮ ಬೆಳಗಾದರೆ ಕಳಿಸುವ ಹೂವಿನ ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ಮಾಡಿದ. “ನನ್ನ ಹೂವು ನೋಡಿದ್ಯೇನೋ?” ಎಂದು ಆಕೆ ಬರೆದರೆ, “ಘಮ್ ಅಂತಿದೆ ಚಿಕ್ಕಮ್ಮ” ಎಂದು ನೋಡದೆಯೇ ಉತ್ತರ ಹಾಕುತ್ತಿದ್ದ. ಯಾರಾದರೂ ‘ತಂತಿ’ ಎಂದು ಬರೆದರೆ ಟಿಣ್ ಅನ್ನುವ ಬದಲು ಬೆಂಚಿನ ಮೇಲಿನ ಕೆಂಪು ಬಲ್ಬು ಹೊತ್ತಿಕೊಳ್ಳುವ ಹಾಗೆ ವೈರು ಎಳೆದ.

ಎಲ್ಲ ಆದಮೇಲೆ ಭಾವನ ಹೆಸರಿನ ಮೇಲೆ ಒತ್ತಿ ‘ಮರೆಮಾಡು’ ಎಂದು ಕೊಟ್ಟ.

ಭಾವ ಬಸ್ ಡ್ರೈವರ್. ಪ್ರಯಾಣಿಕನೊಬ್ಬನ ಹಲ್ಲು ಉದುರಿಸಿ ಕೆಲಸ ಕಳೆದುಕೊಂಡವನು. ಆಮೇಲೆ ಆ ಕೈಗೆ ಮನೆಯಲ್ಲಿ ಸಿಗುತ್ತಿದ್ದವಳು ಅಕ್ಕ ಒಬ್ಬಳೇ. ಒಂದು ಬೆಳಿಗ್ಗೆ ಅವಳು ಬಾತ ಕಣ್ಣಿನಲ್ಲೇ ಬಟ್ಟೆಬರೆ ಕಟ್ಟಿಕೊಂಡು ತನ್ನ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಗೆ ಬಂದುಬಿಟ್ಟಳು. ಅಂದಿನಿಂದ ಭಾವ ಗ್ರೂಪಿನಲ್ಲಿ ಎಲ್ಲರ ಮುಂದೆ ಅವಳ ಮಾನ ಹರಾಜು ಹಾಕುತ್ತಿದ್ದ. ಅವನನ್ನು ಗ್ರೂಪಿನಿಂದ ತೆಗೆಯಲು ಅಮ್ಮ ಬಿಡಲಿಲ್ಲ.

“ಎಷ್ಟಾದ್ರೂ ಅಳಿಯ ಕಣೋ. ತೆಗೆದ್ರೆ ಇನ್ನೂ ರೇಗ್ತಾನೆ.”

ತೆಗೆಯಲಾಗದಿದ್ದರೆ ನೋಡದಿದ್ದರಾಯಿತು ಎಂದುಕೊಂಡ ತಂತಿ. ಮರೆಮಾಡಿದ ಮೇಲೆ ಭಾವ ಬರೆದದ್ದರ ಸುಳಿವೂ ಪರದೆಯ ಮೇಲೆ ಉಳಿಯಲಿಲ್ಲ. ಅವನ ಎದೆ ಹಗುರವಾಯಿತು.

ಅದೊಂದು ಮಧ್ಯಾಹ್ನ ಊಟ ಮುಗಿಸಿ, ಮರದ ಕೊಡತಿಯಿಂದ ಸುರುಳಿಗಳನ್ನು ಬಡಿದು ಕೂರಿಸುತ್ತಿದ್ದ. ನೀರು ಕುಡಿಯಲು ಎದ್ದವನ ಕಣ್ಣು ಪರದೆಯ ಮೇಲೆ ಬಿತ್ತು. ಅಮ್ಮನ ಹಳದಿ ಸಾಲುಗಳು ಒಂದರ ಕೆಳಗೊಂದು ನಿಂತಿದ್ದವು.

“ಹಾಗೆಲ್ಲ ಬರೀಬೇಡಿ, ಕೈಮುಗೀತೀನಿ.”

“ಪೆಟ್ರೋಲ್ ಯಾಕೆ? ಏನ್ ಮಾಡ್ತಿದ್ದೀರಿ?”

ನಡುವೆ ಚಿಕ್ಕಮ್ಮ: “ಅಳಿಯಂದ್ರೇ, ಸಮಾಧಾನ ಮಾಡ್ಕೊಳ್ಳಿ.”

ಮತ್ತೆ ಅಮ್ಮ: “ಅವಳು ಫೋನ್ ಎತ್ತುತ್ತಿಲ್ಲ. ಯಾರಾದ್ರೂ ಹೋಗ್ರೋ!”

ತಂತಿಯೂ ಓದುತ್ತಿದ್ದಾನೆಂದೇ ಎಲ್ಲರೂ ತಿಳಿದಿದ್ದರು. ಗಾಬರಿಯಲ್ಲಿ ಯಾರೂ ಅವನ ಹೆಸರು ಬರೆದಿರಲಿಲ್ಲ, ಬಲ್ಬು ಹೊತ್ತಿರಲಿಲ್ಲ. ಭಾವನ ಹೆಸರಿನ ಮರೆ ತೆಗೆದ. ಅಡಗಿಸಿಟ್ಟದ್ದೆಲ್ಲ ಒಮ್ಮೆಗೇ ಮೇಲೆ ಬಂತು. ಬೈಗುಳ, ಮತ್ತೆ ಬೈಗುಳ, ನಂತರ “ಇವತ್ತು ಬರ್ಲಿಲ್ಲಾಂದ್ರೆ ಅಂಗಡಿ ಸಮೇತ ಸುಡ್ತೀನಿ.” ಕೊನೆಯದು ಒಂದು ಚಿತ್ರ: ಕೈಯಲ್ಲಿ ಪೆಟ್ರೋಲ್ ಕ್ಯಾನು, ಹಿಂದೆ ಅಕ್ಕನ ಅಂಗಡಿಯ ಬಾಗಿಲು.

ತಂತಿ ಓಡಿದ. ಕೊಡತಿ ಕೈಯಲ್ಲೇ ಇದ್ದದ್ದು ಅವನಿಗೆ ಬೀದಿ ದಾಟಿದ ಮೇಲೆ ಗೊತ್ತಾಯಿತು.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಹೊಕ್ಕ ಕೂಡಲೇ ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಗಿರಾಕಿಗಳ ಬಟ್ಟೆಗಂಟುಗಳು ಒದ್ದೆಯಾಗಿ ಬಿದ್ದಿದ್ದವು. ಭಾವ ಅಕ್ಕನ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ಮುಖವನ್ನು ಇಸ್ತ್ರಿ ಮೇಜಿಗೆ ಜಜ್ಜುತ್ತಿದ್ದ. ಮೇಜಿನ ಬಿಳಿ ಹೊದಿಕೆ ಕೆಂಪಾಗಿತ್ತು. ಅವನ ಇನ್ನೊಂದು ಕೈಯಲ್ಲಿ ಲೈಟರ್.

ತಂತಿಯ ಮೊದಲ ಏಟು ಲೈಟರ್ ಹಿಡಿದ ಮಣಿಕಟ್ಟಿಗೆ ಬಿತ್ತು. ಲೈಟರ್ ಹಾರಿ ಮೂಲೆ ಸೇರಿತು. ಭಾವ ಅಕ್ಕನನ್ನು ಬಿಟ್ಟು ಗೂಳಿಯಂತೆ ಇವನ ಮೇಲೆರಗಿದ, ಗೋಡೆಗೆ ಒತ್ತಿ ಗಂಟಲು ಹಿಡಿದ. ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಅಕ್ಕ ಮೊದಲೇ ಕಿತ್ತೆಸೆದಿದ್ದಳು, ಆದರೆ ಕಾವು ಆರಿರಲಿಲ್ಲ. ಭಾವ ಅದನ್ನೆತ್ತಿ ತಂತಿಯ ಕತ್ತಿಗೆ ಒತ್ತಿದ. ಚರ್ಮ ಸುಟ್ಟ ವಾಸನೆ ಪೆಟ್ರೋಲನ್ನೂ ಮೀರಿಸಿತು. ನೋವಿನಲ್ಲಿ ಕುರುಡನಂತೆ ತಂತಿ ಕೊಡತಿ ಬೀಸಿದ. ಅದು ಭಾವನ ಮಂಡಿಗೆ ತಗುಲಿತು. ಅವನು ಕುಸಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ತಂತಿ ನಿಲ್ಲಿಸಲಿಲ್ಲ. ಭುಜಕ್ಕೆ ಹೊಡೆದ, ಪಕ್ಕೆಗೆ ಹೊಡೆದ, ದವಡೆಗೆ ಹೊಡೆದ. ಭಾವನ ಬಾಯಿಂದ ರಕ್ತದ ಜೊತೆ ಹಲ್ಲಿನ ಚೂರುಗಳು ಬಂದವು. ಅವನು ಏಟು ಬಿದ್ದ ಕೈಯನ್ನೂ ಸೇರಿಸಿ ಎರಡೂ ಕೈ ಜೋಡಿಸಿದ. ತಂತಿ ಆ ಕೈಗಳ ಮೇಲೂ ಹೊಡೆದ. ಮೈಯಲ್ಲಿ ಎಂಥದೋ ಸುಖ ಹರಿಯುತ್ತಿತ್ತು. ಎಷ್ಟೋ ವರ್ಷ ನುಂಗಿಕೊಂಡದ್ದೆಲ್ಲ ತೋಳಿಗೆ ಇಳಿದಿತ್ತು.

ಅವನ ಬೆನ್ನ ಹಿಂದೆ ಅಕ್ಕ, “ಸಾಕು! ಬಿಡೋ, ಸತ್ತೋಗ್ತಾನೆ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅವನಿಗೆ ಕೇಳಿಸಲಿಲ್ಲ. ಕಡೆಗೆ ಅವಳು ನಡುವೆ ನುಗ್ಗಿ ಕೈ ಅಡ್ಡ ಹಿಡಿದಳು. ಕೊಡತಿ ಅವಳ ಬಲಗೈ ಬೆರಳುಗಳ ಮೇಲೆ ಇಳಿಯಿತು. ಮೂಳೆ ಲಟಕ್ಕನೆ ಮುರಿದದ್ದು ಹಿಡಿಯ ಮೂಲಕ ಅವನ ಅಂಗೈಗೆ ತಿಳಿಯಿತು.

ಕೊಡತಿ ಕೈಜಾರಿತು.

ಭಾವ ಸಾಯಲಿಲ್ಲ. ಆಸ್ಪತ್ರೆಯಲ್ಲಿ ಅವನ ದವಡೆಗೆ ಉಕ್ಕಿನ ತಂತಿ ಬಿಗಿದರು, ಕಾಲು ಕುಂಟಾಯಿತು, ಬಾಗಿಲಲ್ಲಿ ಪೊಲೀಸರು ಕೂತರು. ಇನ್ನೊಂದು ವಾರ್ಡಿನಲ್ಲಿ ಅಮ್ಮ ಮಗನ ತಲೆ ನೇವರಿಸುತ್ತಾ, “ಗಂಡಸು ಅಂದ್ರೆ ನನ್ನ ಮಗ. ಸರಿಯಾಗೇ ಮಾಡ್ದೆ” ಎಂದಳು.

ಅಕ್ಕನ ಮೂಗು ಬಾತು ಮುಖ ಗುರುತೇ ಸಿಗದಂತಿತ್ತು. ಕೈಗೆ ಪ್ಲಾಸ್ಟರ್. ಅವನಿಗೆ ತುಟಿ ಕಾಣಲೆಂದು ಎದುರಿಗೇ ಬಂದು ಕೂತಳು.

“ನೀನು ಬರ್ದೇ ಇದ್ದಿದ್ರೆ ನಾನು ಸುಟ್ಟು ಕರಕಲಾಗ್ತಿದ್ದೆ. ಅದನ್ನ ಸಾಯೋವರೆಗೂ ಮರೆಯಲ್ಲ.”

“ಅಕ್ಕಾ, ನೀನು ಕೂಗಿದ್ದು ನಂಗೆ...”

“ಕೇಳಿಸ್ಲಿಲ್ಲ, ಗೊತ್ತು. ಆದ್ರೆ ಅವನು ಕೈ ಮುಗಿದಿದ್ದು ಕಾಣಿಸ್ತಲ್ವಾ?”

ಅವನ ಕಣ್ಣು ಅವಳ ಪ್ಲಾಸ್ಟರಿನ ಮೇಲೆ ಇಳಿದು ಮತ್ತೆ ತುಟಿಗೆ ಬಂತು.

“ನಾನೂ ಹಾಗೇ ಕೈ ಮುಗೀತಿದ್ದೆ ಕಣೋ, ಆ ಮನೇಲಿ. ಅವನ ಮುಖ ಹೇಗಿರ್ತಿತ್ತೋ, ಅವತ್ತು ನಿಂದೂ ಹಾಗೇ ಇತ್ತು.”

“ಸಾಕು ಸುಮ್ನಿರೇ!” ಎಂದು ಅಮ್ಮ ಮಗಳ ಮೇಲೆ ಹರಿಹಾಯ್ದಳು. ಅಕ್ಕ ಎದ್ದು ಹೋದಳು.

ಕೋರ್ಟಿಗೆ ಹೋಗುವ ಮುನ್ನ ವಕೀಲರು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿದರು: ಅಕ್ಕ ತಡೆದದ್ದು ಕೇಳಿಸಲಿಲ್ಲ ಎಂದಷ್ಟೇ ಹೇಳಿ. ನಿಜ ತಾನೆ? ನಿಜವೇ. ಆದರೆ ನ್ಯಾಯಾಧೀಶರ ತುಟಿ ‘ಅವನು ಬಿದ್ದ ಮೇಲೂ ಯಾಕೆ ಹೊಡೆದಿರಿ’ ಎಂದು ಕೇಳಿದಾಗ ತಂತಿಗೆ ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ.

“ಅಕ್ಕ ಕೂಗಿದ್ದು ಕೇಳಿಸ್ಲಿಲ್ಲ, ಸ್ವಾಮಿ. ಅವನು ಬೇಡ್ಕೊಂಡಿದ್ದು ಕಾಣಿಸ್ತು. ಕಂಡ ಮೇಲೂ ಹೊಡೆದೆ. ಹೊಡೆಯೋದು ಚೆನ್ನಾಗಿತ್ತು.”

ವಕೀಲರು ಹಣೆ ಚಚ್ಚಿಕೊಂಡರು. ಭಾವನಿಗೆ ದೊಡ್ಡ ಶಿಕ್ಷೆಯಾಯಿತು, ತಂತಿಗೆ ಸಣ್ಣದು.

ಜೈಲಿಗೆ ಅಮ್ಮ ಬರಲಿಲ್ಲ. ಅಕ್ಕ ಬಂದಳು. ಸಂದರ್ಶಕರ ಕೋಣೆಯ ಗಾಜಿನ ಆಚೆ ಕೂತು, ತುಟಿ ಬಿಡಿಸಿ ಬಿಡಿಸಿ ಮಾತಾಡಿದಳು.

“ಅಮ್ಮ ದಿನಾ ಬೈತಾಳೆ, ಕೋರ್ಟಲ್ಲಿ ಬಾಯಿ ಮುಚ್ಕೊಂಡಿದ್ದಿದ್ರೆ ಮಗ ಮನೇಲಿರ್ತಿದ್ದ ಅಂತ.”

“ನೀನೇನಂತೀಯ?”

“ನಾನು ಬಂದಿದ್ದೀನಲ್ಲ.”

ಬಲಗೈಯನ್ನು ಮೇಜಿನ ಮೇಲಿಟ್ಟಳು. ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು. “ಇಸ್ತ್ರಿ ಹಿಡಿಯೋಕಾಗುತ್ತೆ. ಗುಂಡಿ ಹಾಕೋಕಾಗಲ್ಲ.”

ತಂತಿ ಮುಖ ತಿರುಗಿಸಿದ. ಅಕ್ಕ ಗಾಜನ್ನು ತಟ್ಟಿದಳು. ಆ ಅದುರು ಅವನ ಮೊಣಕೈಗೆ ತಾಗಿತು. ಅವನು ತಿರುಗಿ ಅವಳ ಕೈಯನ್ನು ನೋಡಿದ, ಭೇಟಿಯ ಹೊತ್ತು ಮುಗಿಯುವವರೆಗೂ ನೋಡುತ್ತಲೇ ಇದ್ದ.